ಕತ್ತಲ ನೀರಿನಲ್ಲಿ ಕೊನೆಯ ಒಂದಡಿ

ಮೈಲುಗಟ್ಟಲೆ ದೂರದಿಂದ ಬೇಟೆಯ ಸುಳಿವು ಹಿಡಿದು ಬರುವ ಕೊಲೆಗಾರ ಎಂದು ಸಿನಿಮಾಗಳು ಶಾರ್ಕನ್ನು ಪರಿಚಯಿಸಿದವು. ಪ್ರಯೋಗಾಲಯದ ತೊಟ್ಟಿಗಳಲ್ಲಿ ಕಂಡದ್ದು ಬೇರೆ. ಜೀವಲೋಕದಲ್ಲೇ ಅತಿ ಸೂಕ್ಷ್ಮವಾದ ವಿದ್ಯುತ್ ಇಂದ್ರಿಯ ಅದಕ್ಕಿದೆ ನಿಜ. ಆದರೆ ಬೇಟೆಯಲ್ಲಿ ಅದು ಕೆಲಸಕ್ಕೆ ಬರುವುದು ಮೂತಿಯಿಂದ ಸುಮಾರು ಒಂದಡಿಯೊಳಗೆ. ಆ ಒಂದಡಿಯನ್ನು ಅರಿತರೆ ಶಾರ್ಕ್, ತೊರಕೆಗಳನ್ನು ಉಳಿಸುವ ದಾರಿಯೂ ಕಾಣುತ್ತದೆ.

ತೊಟ್ಟಿಯ ತಳದಲ್ಲಿ ಮರಳು ಹಾಸಿದೆ. ಮರಳಿನಡಿ ಪ್ಲೇಸ್ ಎಂಬ ಚಪ್ಪಟೆ ಮೀನು, ನಮ್ಮ ಕರಾವಳಿಯ ನಂಗ್‌ನ ದೂರದ ಬಂಧು, ಅಲುಗಾಡದೆ ಹುದುಗಿದೆ. ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಹಸಿದ ಪುಟ್ಟ ಶಾರ್ಕೊಂದು ಅತ್ತಿತ್ತ ಈಜುತ್ತ ಆ ಜಾಗಕ್ಕೆ ಅರ್ಧ ಅಡಿ ಹತ್ತಿರ ಬಂದದ್ದೇ, ಗಕ್ಕನೆ ತಿರುಗಿ ಮೂತಿಯನ್ನು ಮರಳಿಗೆ ತೂರಿಸುತ್ತದೆ. ಮರಳನ್ನು ಹೀರಿ ಉಗುಳಿ, ಮೀನನ್ನು ಕಚ್ಚಿ ಎಳೆಯುತ್ತದೆ. ಡಚ್ ವಿಜ್ಞಾನಿ ಆಡ್ರಿಯಾನಸ್ ಕಾಲ್ಮೈನ್ ಈ ಪ್ರಯೋಗವನ್ನು 1971ರಲ್ಲಿ ಪ್ರಕಟಿಸಿದರು. ವಾಸನೆ ಹಿಡಿದಿರಬಹುದಲ್ಲ ಎಂಬ ಸಂಶಯ ಸಹಜ. ಅದಕ್ಕಾಗಿ ಅವರು ಮೀನನ್ನು ಅಗರ್‌ನಿಂದ ಮಾಡಿದ ಗೂಡಿನೊಳಗಿಟ್ಟು ಮರಳು ಮುಚ್ಚಿದರು. ಅಗರ್ ವಾಸನೆಯನ್ನೂ ನೀರಿನ ಅಲುಗಾಟವನ್ನೂ ತಡೆಯುತ್ತದೆ, ವಿದ್ಯುತ್ತನ್ನು ತಡೆಯುವುದಿಲ್ಲ. ಗೂಡಿನೊಳಗೆ ಹರಿಸಿದ ನೀರು ಮೀನಿನ ವಾಸನೆ ಹೊತ್ತು ತೊಟ್ಟಿಯ ಬೇರೊಂದು ಕಡೆ ಹೊರಬೀಳುತ್ತಿತ್ತು. ಆದರೂ ಶಾರ್ಕ್ ನೇರವಾಗಿ ಮೀನಿದ್ದಲ್ಲಿಗೇ ನುಗ್ಗಿತು. ಅದೇ ಗೂಡಿನಲ್ಲಿ ಸತ್ತ ಮೀನಿನ ತುಂಡುಗಳನ್ನಿಟ್ಟಾಗ ಗೂಡನ್ನು ಬಿಟ್ಟು, ವಾಸನೆ ಹೊರಬೀಳುವ ಜಾಗದಲ್ಲಿ ಹುಡುಕಿತು. ಜೀವಂತ ಮೀನಿನ ಗೂಡಿಗೆ ವಿದ್ಯುತ್ ಹಾಯದ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿದಾಗ, ಅದರ ಮೇಲೆಯೇ ಹಾದುಹೋದರೂ ಗುರುತಿಸಲಿಲ್ಲ. ಕೊನೆಗೆ ಮೀನನ್ನೇ ತೆಗೆದು, ಅದರಷ್ಟೇ ಕ್ಷೀಣವಾದ ವಿದ್ಯುತ್ ಹೊಮ್ಮಿಸುವ ಎಲೆಕ್ಟ್ರೋಡ್‌ಗಳನ್ನು ಹೂತಿಟ್ಟರು. ಶಾರ್ಕ್ ಅವುಗಳಿಗಾಗಿಯೂ ಅದೇ ಆವೇಶದಿಂದ ಮರಳು ಬಗೆಯಿತು. ಹತ್ತಿರದಲ್ಲೇ ಕಣ್ಣಿಗೆ ಬೀಳುವಂತಿದ್ದ ಮೀನಿನ ತುಂಡನ್ನು ಅದು ಮೂಸಲಿಲ್ಲ.

ಜುಲೈ 14ನ್ನು ಹಲವು ದೇಶಗಳಲ್ಲಿ ಶಾರ್ಕ್ ಜಾಗೃತಿ ದಿನವೆಂದು ಆಚರಿಸುತ್ತಾರೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಆ ದಿನ ಟ್ರಾಲ್‌ ಬೋಟ್‌ಗಳು ಬಂದರಿನಲ್ಲಿ ಲಂಗರು ಹಾಕಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದ ನಡುವೆಯೇ ಅದು ಬರುತ್ತದೆ. ನದಿಗಳು ತಂದು ಸುರಿದ ಕೆಸರಿನಿಂದ ದಡದಂಚಿನ ಸಮುದ್ರ ಕೆಂಪಾಗಿ, ನೀರಿನೊಳಗೆ ಮೊಳ ದೂರದ್ದೂ ಕಾಣದ ಕಾಲ. ಆ ನೀರಿನಲ್ಲೂ ಶಾರ್ಕ್ ಮತ್ತು ತೊರಕೆಗಳು ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಹೇಗೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ 'ಆರನೇ ಇಂದ್ರಿಯ'. ಆ ಉತ್ತರದ ಜೊತೆಗೆ ಒಂದು ತಪ್ಪು ಕಲ್ಪನೆಯೂ ಬೆಳೆದುಬಂದಿದೆ: ಈ ಇಂದ್ರಿಯ ದೂರದೂರದ ಬೇಟೆಯನ್ನು ತೋರಿಸುತ್ತದೆ, ಅದರಿಂದ ತಪ್ಪಿಸಿಕೊಳ್ಳಲಾಗದು, ಶಾರ್ಕ್ ಇರುವ ನೀರಿಗಿಳಿದವರ ಎದೆಬಡಿತ ಅದಕ್ಕೆ ಎಲ್ಲಿದ್ದರೂ ಗೊತ್ತಾಗುತ್ತದೆ ಎಂಬುದು. ನನ್ನ ವಾದ ಇದಕ್ಕೆ ವಿರುದ್ಧವಾದದ್ದು. ಬೇಟೆಯಾಡುವಾಗ ಈ ಇಂದ್ರಿಯ ಬಹಳ ಹತ್ತಿರದ್ದು, ಇತರ ಇಂದ್ರಿಯಗಳು ಕೈಬಿಟ್ಟ ಮೇಲೆ ಕೊನೆಯಲ್ಲಿ ನೆರವಿಗೆ ಬರುವಂಥದ್ದು. ಅದರ ಬಲವಿರುವುದು ಅಲ್ಲಿ, ಅದು ಈ ಪ್ರಾಣಿಗಳಿಗೆ ತಂದೊಡ್ಡುವ ಅಪಾಯವೂ ಅಲ್ಲೇ ಇದೆ.

ಮೀನು ಮಾರುಕಟ್ಟೆಯಲ್ಲಿ ಮಾರಲಿಟ್ಟ ಸಣ್ಣ ಶಾರ್ಕಿನ ಮೂತಿಯನ್ನು ಹತ್ತಿರದಿಂದ ನೋಡಿ. ಮೂತಿಯ ಮೇಲೆ, ಕಣ್ಣಿನ ಕೆಳಗೆ, ಬಾಯಿಯ ಸುತ್ತ ಸೂಜಿಯಿಂದ ಚುಚ್ಚಿಟ್ಟಂತೆ ಕಪ್ಪು ರಂಧ್ರಗಳ ಸಾಲುಗಳಿರುತ್ತವೆ. ತಾಜಾ ಮೀನಾದರೆ ಬೆರಳಿನಿಂದ ಒತ್ತಿದಾಗ ಆ ರಂಧ್ರಗಳಿಂದ ತಿಳಿಯಾದ ಲೋಳೆ ಒಸರುತ್ತದೆ. ಒಂದೊಂದು ರಂಧ್ರವೂ ಚರ್ಮದಡಿಯ ಕೊಳವೆಯೊಂದರ ಬಾಯಿ. ಲೋಳೆ ತುಂಬಿದ ಆ ಕೊಳವೆ ಒಳಗೆ ಸಾಗಿ ಪುಟ್ಟ ಕುಡಿಕೆಯಲ್ಲಿ ಕೊನೆಯಾಗುತ್ತದೆ. ಇಟಲಿಯ ಸ್ಟೆಫಾನೊ ಲೊರೆಂಜಿನಿ 1678ರಲ್ಲಿ ಇವುಗಳನ್ನು ವಿವರವಾಗಿ ವರ್ಣಿಸಿದ್ದರಿಂದ ಇಂದಿಗೂ ಇವುಗಳಿಗೆ ಅವರದೇ ಹೆಸರು. ಆದರೆ ಇವು ಏತಕ್ಕೆ ಎಂಬುದು ಗೊತ್ತಾಗಲು ಮುನ್ನೂರು ವರ್ಷ ಹಿಡಿಯಿತು. 1938ರಲ್ಲಿ ಅಲೆಕ್ಸಾಂಡರ್ ಸ್ಯಾಂಡ್ ಇವು ಉಷ್ಣತೆಯ ಬದಲಾವಣೆಗೆ ಸ್ಪಂದಿಸುವುದನ್ನು ತೋರಿಸಿದರು. ಆಮೇಲೆ ಒತ್ತಡಕ್ಕೂ ಸ್ಪಂದಿಸುತ್ತವೆ ಎಂದಾಯಿತು. 1960ರ ಸುಮಾರಿಗೆ ಬ್ರಿಟನ್ನಿನ ಆರ್. ಡಬ್ಲ್ಯು. ಮರ್ರೆ, ಇವು ಅತ್ಯಂತ ಕ್ಷೀಣ ವಿದ್ಯುತ್ತಿಗೂ ಸ್ಪಂದಿಸುತ್ತವೆ ಎಂದು ಕಂಡುಕೊಂಡರು. ಪ್ರಾಣಿ ನಿಜವಾಗಿಯೂ ಇದನ್ನು ಬದುಕಿನಲ್ಲಿ ಬಳಸುತ್ತದೆ ಎಂದು ಸಾಬೀತುಪಡಿಸಿದ್ದು ಕಾಲ್ಮೈನರ ಮರಳ ತೊಟ್ಟಿ.

ಎಷ್ಟು ಕ್ಷೀಣ? ಸೆಂಟಿಮೀಟರಿಗೆ 5 ನ್ಯಾನೋವೋಲ್ಟ್, ಅಂದರೆ ಒಂದು ವೋಲ್ಟಿನ ನೂರು ಕೋಟಿ ಭಾಗದಲ್ಲಿ ಐದು ಭಾಗ. ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲಿನ ಒಂದು ತಂತಿಯನ್ನು ಕಾಶ್ಮೀರದ ತುದಿಗೂ ಇನ್ನೊಂದನ್ನು ಕನ್ಯಾಕುಮಾರಿಗೂ ಎಳೆದು, ನಡುವಿನ ಸುಮಾರು 3,200 ಕಿಲೋಮೀಟರಿನಲ್ಲಿ ಆ ಒಂದೂವರೆ ವೋಲ್ಟನ್ನು ಸಮನಾಗಿ ಹಂಚಿದರೆ, ಪ್ರತಿ ಸೆಂಟಿಮೀಟರಿನ ಪಾಲಿಗೆ ಬರುವುದು ಹೆಚ್ಚುಕಡಿಮೆ ಇಷ್ಟೇ. ಇದನ್ನು ಓದಿದ ಯಾರಿಗಾದರೂ, ಇಷ್ಟು ಸೂಕ್ಷ್ಮವಾದ ಇಂದ್ರಿಯ ಕಿಲೋಮೀಟರ್ ದೂರದ ಮೀನನ್ನೂ ಹಿಡಿಯಲೇಬೇಕಲ್ಲ ಎನ್ನಿಸುತ್ತದೆ. ತಪ್ಪು ಕಲ್ಪನೆ ಹುಟ್ಟುವುದು ಇಲ್ಲೇ. ಮೀನಿನ ದೇಹದ ದ್ರವಕ್ಕೂ ಸಮುದ್ರದ ನೀರಿಗೂ ಉಪ್ಪಿನಂಶದಲ್ಲಿ ವ್ಯತ್ಯಾಸವಿದೆ. ಕಿವಿರು ಮತ್ತು ಬಾಯಿಯ ತೆಳು ಪೊರೆಗಳಲ್ಲಿ ಅಯಾನುಗಳು ಸೋರುತ್ತಲೇ ಇರುತ್ತವೆ. ಹೀಗಾಗಿ ಮೀನಿನ ಸುತ್ತ ಕ್ಷೀಣವಾದ ವಿದ್ಯುತ್ ಕ್ಷೇತ್ರ ಏರ್ಪಟ್ಟು, ಉಸಿರಾಟದ ಲಯಕ್ಕೆ ತಕ್ಕಂತೆ ಏರಿಳಿಯುತ್ತದೆ. ಒಂದು ಕಡೆ ಧನ, ಇನ್ನೊಂದು ಕಡೆ ಋಣ ಇರುವ ಇಂಥ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ದೂರ ಎರಡು ಪಟ್ಟಾದರೆ ಕ್ಷೇತ್ರ ಎಂಟನೇ ಒಂದು ಭಾಗ, ಹತ್ತು ಪಟ್ಟಾದರೆ ಸಾವಿರದ ಒಂದು ಭಾಗ. ಅಂದರೆ ಬೇಟೆಯನ್ನು ಈಗಿನ ಎರಡರಷ್ಟು ದೂರದಿಂದ ಪತ್ತೆಹಚ್ಚಬೇಕಾದರೆ ಇಂದ್ರಿಯ ಎಂಟು ಪಟ್ಟು ಸೂಕ್ಷ್ಮವಾಗಬೇಕು. ಕೋಟ್ಯಂತರ ವರ್ಷಗಳ ವಿಕಾಸ ಸೂಕ್ಷ್ಮತೆಯನ್ನು ಈ ಮಟ್ಟಕ್ಕೆ ಮುಟ್ಟಿಸಿಯೂ ಗಳಿಸಿದ್ದು ಕೆಲವೇ ಅಂಗುಲಗಳನ್ನು. ಸಣ್ಣ ಬೇಟೆಯ ಮೇಲೆ ಶಾರ್ಕ್‌ಗಳು ತಿರುಗಿಬೀಳುವ ದೂರವನ್ನು ಪ್ರಯೋಗಗಳಲ್ಲಿ ಅಳೆದಾಗ ಅದು ಒಂದಡಿಯ ಆಸುಪಾಸಿನಲ್ಲೇ ಇರುತ್ತದೆ.

ಮೊಟ್ಟೆಯೊಳಗೇ ಎಚ್ಚರ
ಬಿದಿರು ಶಾರ್ಕ್ ಎಂಬ ಜಾತಿಯ ಮರಿಗಳು ತತ್ತಿಯ ಚೀಲದೊಳಗೆ ಬೆಳೆಯುವಾಗಲೇ ವಿದ್ಯುತ್ತನ್ನು ಗ್ರಹಿಸಬಲ್ಲವು. ಬೇಟೆಗಾರ ಮೀನಿನದನ್ನು ಹೋಲುವ ವಿದ್ಯುತ್ ಕ್ಷೇತ್ರ ಹತ್ತಿರ ಬಂದರೆ ಅವು ಕಿವಿರಿನ ಚಲನೆಯನ್ನೇ ನಿಲ್ಲಿಸಿ ಸ್ತಬ್ಧವಾಗುತ್ತವೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 2013ರಲ್ಲಿ ವರದಿ ಮಾಡಿದರು. ಉಸಿರು ನಿಂತರೆ ನೀರಿನ ಅಲುಗಾಟವೂ ನಿಲ್ಲುತ್ತದೆ, ವಿದ್ಯುತ್ತಿನ ಏರಿಳಿತವೂ ನಿಲ್ಲುತ್ತದೆ.

ಹಾಗಾದರೆ ಆ ಒಂದಡಿಯವರೆಗೆ ಶಾರ್ಕನ್ನು ಕರೆತರುವುದು ಯಾವುದು? ವಾಸನೆ ಎಂಬ ಉತ್ತರ ಅರ್ಧ ಮಾತ್ರ ಸರಿ. ನೀರಿನಲ್ಲಿ ವಾಸನೆ ನೆಟ್ಟಗಿನ ಗೆರೆಯಾಗಿ ಬರುವುದಿಲ್ಲ. ಸುಳಿಸುಳಿಯಾಗಿ, ತುಂಡುತುಂಡಾಗಿ ತೇಲಿಬರುತ್ತದೆ. ಅದು ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯಲು ಹರಿವು ಗೊತ್ತಾಗಬೇಕು. ಅದನ್ನು ಹೇಳುವುದು ಪಾರ್ಶ್ವರೇಖೆ. ತಲೆಯಿಂದ ಬಾಲದವರೆಗೆ ಚರ್ಮದಡಿ ಹರಿದಿರುವ ಈ ನಾಳದಲ್ಲೂ ಮೈಮೇಲಿನ ಹುರುಪೆಗಳ ನಡುವಿನ ಪುಟ್ಟ ಕುಳಿಗಳಲ್ಲೂ ರೋಮಕೋಶಗಳ ಗುಚ್ಛಗಳಿವೆ. ನಮ್ಮ ಒಳಗಿವಿಯಲ್ಲಿ ಶಬ್ದಕ್ಕೆ ಬಾಗುವ ಕೋಶಗಳ ಜಾತಿಗೇ ಇವು ಸೇರಿದವು. ನೀರು ಅಲುಗಿದಾಗ ಈ ರೋಮಗಳು ಬಾಗಿ ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಜೇನ್ ಗಾರ್ಡಿನರ್ ಮತ್ತು ಯೆಲ್ಲೆ ಆಟೆಮಾ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಾರ್ಶ್ವರೇಖೆಯನ್ನು ಔಷಧದಿಂದ ನಿಷ್ಕ್ರಿಯಗೊಳಿಸಿದ ಶಾರ್ಕ್‌ಗಳು, ಕತ್ತಲಲ್ಲಿ ವಾಸನೆ ಮೂಗಿಗೆ ತಾಕುತ್ತಿದ್ದರೂ ಅದರ ಮೂಲವನ್ನು ಗುರುತಿಸಲಾರದೇ ಹೋದವು. ಮೂಗು 'ಊಟವಿದೆ' ಎನ್ನುತ್ತದೆ, ಪಾರ್ಶ್ವರೇಖೆ 'ಈ ಕಡೆ' ಎನ್ನುತ್ತದೆ. ಒಂದಿಲ್ಲದೆ ಇನ್ನೊಂದರ ಮಾತು ಕೆಲಸಕ್ಕೆ ಬಾರದು.

ಅದೇ ಗಾರ್ಡಿನರ್ ಮತ್ತು ಸಂಗಡಿಗರು 2014ರಲ್ಲಿ ಇನ್ನೂ ಮುಂದೆ ಹೋದರು. ಕಪ್ಪುತುದಿಯ ಶಾರ್ಕ್, ಬಾನೆಟ್‌ಹೆಡ್, ನರ್ಸ್ ಶಾರ್ಕ್ ಎಂಬ ಮೂರು ಜಾತಿಗಳ ಇಂದ್ರಿಯಗಳನ್ನು ಒಂದೊಂದಾಗಿ ಮುಚ್ಚಿ ಬೇಟೆಗೆ ಬಿಟ್ಟರು. ಮೂಗು ಮುಚ್ಚಿದ ನರ್ಸ್ ಶಾರ್ಕ್ ಬೇಟೆಗೇ ಹೊರಡಲಿಲ್ಲ. ಉಳಿದೆರಡು ಜಾತಿಗಳು ಕಣ್ಣನ್ನು ನೆಚ್ಚಿಕೊಂಡು ಬಂದವು, ಕಣ್ಣು ಮುಚ್ಚಿದಾಗ ವಾಸನೆ ಮತ್ತು ಪಾರ್ಶ್ವರೇಖೆಯತ್ತ ಹೊರಳಿದವು. ದಾರಿ ಹಿಡಿಯುವುದರಲ್ಲಿ ಮೂರೂ ಬೇರೆಬೇರೆ. ಕಚ್ಚುವ ಘಳಿಗೆಯಲ್ಲಿ ಮಾತ್ರ ಮೂರೂ ಸಾಮಾನ್ಯವಾಗಿ ನೆಚ್ಚಿಕೊಂಡದ್ದು ವಿದ್ಯುತ್ ಇಂದ್ರಿಯವನ್ನೇ. ನರ್ಸ್ ಶಾರ್ಕ್ ಸ್ಪರ್ಶದಿಂದಲೂ ಸುಧಾರಿಸಿಕೊಳ್ಳಬಲ್ಲದು, ಅಷ್ಟೇ ವ್ಯತ್ಯಾಸ. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕಿಲ್ಲ.

ಕೊನೆಯ ಒಂದಡಿಗೆ ಪ್ರತ್ಯೇಕ ಇಂದ್ರಿಯವೇ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಶಾರ್ಕ್, ತೊರಕೆಗಳ ಮೈಕಟ್ಟಿನಲ್ಲಿದೆ. ತೊರಕೆಯನ್ನು ತಿರುಗಿಸಿ ನೋಡಿ: ಕಣ್ಣು ಬೆನ್ನಿನ ಕಡೆ, ಬಾಯಿ ಹೊಟ್ಟೆಯ ಕಡೆ. ತಾನು ತಿನ್ನುವ ಏಡಿಯನ್ನು, ಮರುವಾಯಿಯನ್ನು ಬಾಯಿಗೆ ಬರುವ ಹೊತ್ತಿನಲ್ಲಿ ಅದು ಕಾಣಲಾರದು. ಅದಕ್ಕೇ ಅದರ ವಿದ್ಯುತ್ ರಂಧ್ರಗಳು ಹೊಟ್ಟೆಯ ಕಡೆ, ಬಾಯಿಯ ಸುತ್ತ ದಟ್ಟವಾಗಿವೆ. ಶಾರ್ಕಿನ ಬಾಯಿಯೂ ತಲೆಯ ಅಡಿಯಲ್ಲಿದೆ, ಮೂತಿ ಅದಕ್ಕೆ ಅಡ್ಡ ಬರುತ್ತದೆ. ದೊಡ್ಡ ಬಿಳಿ ಶಾರ್ಕ್ ಕಚ್ಚುವ ಕ್ಷಣದಲ್ಲಿ ಕಣ್ಣುಗುಡ್ಡೆಗೆ ಏಟು ಬೀಳದಿರಲೆಂದು ಅದನ್ನು ಹಿಂದಕ್ಕೆ ಹೊರಳಿಸಿಕೊಳ್ಳುತ್ತದೆ. ಆ ಕ್ಷಣ ಅದು ಕುರುಡು. ಹಾಗೆ ನೋಡಿದರೆ ಸುತ್ತಿಗೆ ತಲೆಯ ಶಾರ್ಕಿನ ವಿಚಿತ್ರ ತಲೆಗೂ ಅರ್ಥ ಬರುತ್ತದೆ. ಸ್ಟೀಫನ್ ಕಜಿಯುರಾ ಮತ್ತು ಕಿಮ್ ಹಾಲೆಂಡ್ ಹವಾಯಿಯಲ್ಲಿ ಅದನ್ನೂ ಸಾಮಾನ್ಯ ತಲೆಯ ಸ್ಯಾಂಡ್‌ಬಾರ್ ಶಾರ್ಕನ್ನೂ ಹೋಲಿಸಿದಾಗ ಸೂಕ್ಷ್ಮತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸುತ್ತಿಗೆ ತಲೆಯದು ಹೆಚ್ಚು ದೂರವನ್ನೇನೂ ಗ್ರಹಿಸುತ್ತಿರಲಿಲ್ಲ, ಒಂದು ಸಲ ಹಾಯುವಾಗ ತಳದ ಹೆಚ್ಚು ಅಗಲವನ್ನು ಸೋಸುತ್ತಿತ್ತು. ಸೂಕ್ಷ್ಮತೆ ಹೆಚ್ಚಿಸಿ ದೂರ ಗಳಿಸುವುದು ಅಸಾಧ್ಯವಾದಾಗ ತಲೆಯನ್ನೇ ಅಗಲಿಸಿದರೆ ಲಾಭವಿದೆ ಎಂಬುದನ್ನು ಆ ತಲೆ ತೋರಿಸುತ್ತದೆ.

ಇನ್ನೊಂದು ಪ್ರಶ್ನೆ ಏಳಬೇಕು: ಶಾರ್ಕ್ ತಾನೂ ಉಸಿರಾಡುತ್ತದಲ್ಲ, ತನ್ನದೇ ವಿದ್ಯುತ್ತು ಬೇಟೆಯದನ್ನು ಮುಚ್ಚಿಹಾಕುವುದಿಲ್ಲವೇ? ಜಾನ್ ಮಾಂಟ್ಗೊಮರಿ ಮತ್ತು ಡೇವಿಡ್ ಬಾಡ್ಜ್‌ನಿಕ್ 1994ರಲ್ಲಿ ತೊರಕೆಯ ಬಂಧುಗಳಾದ ಸ್ಕೇಟ್ ಮೀನುಗಳಲ್ಲಿ ಇದಕ್ಕೆ ಉತ್ತರ ಹುಡುಕಿದರು. ಮೆದುಳಿನ ಹಿಂಭಾಗದ ಒಂದು ಕೇಂದ್ರ ತನ್ನ ಉಸಿರಿನ ಲಯವನ್ನು ಕಲಿತು, ಆ ಲಯದೊಂದಿಗೆ ಬರುವ ಸಂಕೇತವನ್ನು ಕಳೆದುಬಿಡುತ್ತದೆ. ಉಳಿದದ್ದು ಹೊರಗಿನದು. 2017 ಮತ್ತು 2018ರಲ್ಲಿ ಡೇವಿಡ್ ಜೂಲಿಯಸ್ ಅವರ ಬಳಗ ಕೋಶದ ಮಟ್ಟಕ್ಕೆ ಇಳಿದು ನೋಡಿತು. (ಉಷ್ಣತೆಯ ಗ್ರಾಹಕಗಳ ಶೋಧಕ್ಕಾಗಿ 2021ರ ನೊಬೆಲ್ ಹಂಚಿಕೊಂಡವರು ಇವರೇ.) ಸ್ಕೇಟ್‌ಗಳ ಬಾಲದಲ್ಲಿ ಕ್ಷೀಣ ವಿದ್ಯುತ್ ಹೊಮ್ಮಿಸುವ ಅಂಗವಿದೆ, ತಮ್ಮತಮ್ಮಲ್ಲಿ ಸಂಕೇತ ಕೊಟ್ಟುಕೊಳ್ಳಲು ಅದು ಬೇಕು. ಅವುಗಳ ಗ್ರಾಹಕ ಕೋಶಗಳು ಸಂಕೇತ ದೊಡ್ಡದೋ ಸಣ್ಣದೋ ಎಂಬುದಕ್ಕೆ ತಕ್ಕಂತೆ ಅಳೆದು ಉತ್ತರಿಸುತ್ತವೆ. ಶಾರ್ಕಿನ ಕೋಶಗಳು ಹಾಗಲ್ಲ. ಹೊಸ್ತಿಲು ದಾಟಿದ ಯಾವ ಸಂಕೇತಕ್ಕೂ ಒಂದೇ ಬಗೆಯ ಜೋರಾದ ಉತ್ತರ. ಈ ವ್ಯತ್ಯಾಸ ನನಗೆ ಬಹಳ ಮುಖ್ಯವೆನಿಸುತ್ತದೆ. ಶಾರ್ಕಿನ ವಿದ್ಯುತ್ ಇಂದ್ರಿಯ ವಿಚಾರಿಸಿ ನೋಡುವುದಿಲ್ಲ. ಆ ಕೆಲಸ ಮೂಗು, ಕಣ್ಣು, ಪಾರ್ಶ್ವರೇಖೆಗಳಲ್ಲಿ ಮುಗಿದಿರುತ್ತದೆ. ಇದು 'ಈಗ ಕಚ್ಚು' ಎನ್ನುತ್ತದೆ.

ಕಪ್ಪೆಬೊಂಡಾಸಿನ ಬಂಧುವಿನ ಉಪಾಯ
ಕಟ್ಲ್‌ಫಿಶ್ ಎಂಬ ಪ್ರಾಣಿ ಬೇಟೆಗಾರನ ನೆರಳು ಕಂಡರೆ ಕದಲದೆ ನಿಂತು, ಉಸಿರಾಟ ಇಳಿಸಿ, ತೋಳುಗಳಿಂದ ಮೈಯ ತೆರಪುಗಳನ್ನು ಮುಚ್ಚಿಕೊಳ್ಳುತ್ತದೆ. ಇದರಿಂದ ಹೊರಸೂಸುವ ವಿದ್ಯುತ್ತು ಕುಗ್ಗುತ್ತದೆ. ಹಾಗೆ ಕುಗ್ಗಿದ ವಿದ್ಯುತ್ ಕ್ಷೇತ್ರವನ್ನು ಎಲೆಕ್ಟ್ರೋಡ್‌ನಿಂದ ಅನುಕರಿಸಿದಾಗ ಶಾರ್ಕ್‌ಗಳು ಕಚ್ಚುವುದು ಸುಮಾರು ಅರ್ಧಕ್ಕೆ ಇಳಿಯಿತು ಎಂದು 2015ರ ಅಧ್ಯಯನವೊಂದು ಹೇಳಿದೆ.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರಿಸಬೇಕು. ಶಾರ್ಕ್‌ಗಳು ಸಾವಿರಾರು ಕಿಲೋಮೀಟರ್ ದಾರಿ ತಪ್ಪದೆ ಈಜುತ್ತವೆ. ದಕ್ಷಿಣ ಆಫ್ರಿಕಾದಲ್ಲಿ ಗುರುತುಪಟ್ಟಿ ಕಟ್ಟಿದ ಬಿಳಿ ಶಾರ್ಕೊಂದು ಆಸ್ಟ್ರೇಲಿಯಾಕ್ಕೆ ಹೋಗಿ ಮರಳಿದ್ದು 2005ರಲ್ಲಿ ವರದಿಯಾಯಿತು. ಬಾನೆಟ್‌ಹೆಡ್ ಶಾರ್ಕ್‌ಗಳು ಭೂಮಿಯ ಕಾಂತಕ್ಷೇತ್ರವನ್ನು ನಕ್ಷೆಯಂತೆ ಬಳಸಬಲ್ಲವು ಎಂದು 2021ರ ಪ್ರಯೋಗ ತೋರಿಸಿತು. ಕಾಂತಕ್ಷೇತ್ರದೊಳಗೆ ಈಜುವಾಗ ಮೈಯಲ್ಲಿ ಪ್ರೇರಿತವಾಗುವ ವಿದ್ಯುತ್ತನ್ನು ಇದೇ ಕುಡಿಕೆಗಳು ಓದುತ್ತಿರಬಹುದು ಎಂದು ಕಾಲ್ಮೈನರೇ ಸೂಚಿಸಿದ್ದರು. ಹಾಗಿದ್ದರೆ ಇದು ದೂರದ ಇಂದ್ರಿಯವೇ ಆಯಿತಲ್ಲ ಎನ್ನಬಹುದು. ಆಗುವುದಿಲ್ಲ. ಕಾಂತಕ್ಷೇತ್ರ ಪ್ರಾಣಿ ಇದ್ದಲ್ಲಿಯೇ ಇದೆ, ಅದನ್ನು ದೂರದಿಂದ ಗ್ರಹಿಸುವ ಪ್ರಶ್ನೆಯಿಲ್ಲ. ದಿಕ್ಕು ತಿಳಿಯುವುದು ಬೇರೆ, ಬೇಟೆ ಎಲ್ಲಿದೆ ಎಂದು ತಿಳಿಯುವುದು ಬೇರೆ. ಎರಡನೇ ಆಕ್ಷೇಪ ಸರ್ಫ್ ಮಾಡುವವರು ಬಳಸುವ ವಿದ್ಯುತ್ ರಕ್ಷಾ ಸಾಧನಗಳದ್ದು: ಅವು ಶಾರ್ಕನ್ನು ದೂರದಿಂದಲೇ ಅಟ್ಟುತ್ತವಲ್ಲ ಎಂಬುದು. ಆಸ್ಟ್ರೇಲಿಯಾದ ನೆಪ್ಚೂನ್ ದ್ವೀಪಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಶಾರ್ಕನ್ನು ತಡೆಯುವ ಐದು ಬಗೆಯ ಸಾಧನಗಳ ಪೈಕಿ ಒಂದು ವಿದ್ಯುತ್ ಸಾಧನ ಮಾತ್ರ ಗಣನೀಯ ಫಲ ಕೊಟ್ಟಿತು. ಅದನ್ನು ಬಳಸಿದಾಗ ಬಿಳಿ ಶಾರ್ಕ್‌ಗಳು ಬೈಟನ್ನು ಕಚ್ಚಿದ್ದು ಶೇಕಡ 96ರಿಂದ 40ಕ್ಕೆ ಇಳಿಯಿತು. ಬೇಟೆಯ ವಿದ್ಯುತ್ತಿಗಿಂತ ಎಷ್ಟೋ ಪಟ್ಟು ಪ್ರಬಲವಾದ ಕ್ಷೇತ್ರವೂ ಹತ್ತಿರ ಬಂದ ಮೇಲಷ್ಟೇ ತಡೆಯಿತು, ಎಲ್ಲವನ್ನೂ ತಡೆಯಲಿಲ್ಲ. ಇದು ವಾದವನ್ನು ಬಲಪಡಿಸುತ್ತದೆಯೇ ಹೊರತು ಸಡಿಲಿಸುವುದಿಲ್ಲ.

ವಿಚಾರಿಸದೆ ಆಜ್ಞೆ ಕೊಡುವ ಇಂದ್ರಿಯ, ಮನುಷ್ಯರು ಬರುವ ಮುಂಚಿನ ಸಮುದ್ರದಲ್ಲಿ ಸುರಕ್ಷಿತವಾಗಿತ್ತು. ಒಂದಡಿಯೊಳಗೆ ವಿದ್ಯುತ್ ಹೊಮ್ಮಿಸುವುದೆಲ್ಲ ಹೆಚ್ಚುಕಡಿಮೆ ಜೀವಿಯೇ ಆಗಿರುತ್ತಿತ್ತು. ಈಗ ಉಪ್ಪುನೀರಿನಲ್ಲಿ ಎರಡು ಬೇರೆ ಲೋಹಗಳು ಸೇರಿದಲ್ಲೆಲ್ಲ ವಿದ್ಯುತ್ತು ಹುಟ್ಟುತ್ತದೆ. ಶಾರ್ಕ್‌ಗಳು ದೋಣಿಯ ಪ್ರೊಪೆಲ್ಲರನ್ನೂ ಲೋಹದ ಪಂಜರದ ಸರಳನ್ನೂ ಕಚ್ಚುವುದಕ್ಕೆ ಕಾರಣ ಬಹುಮಟ್ಟಿಗೆ ಇದೇ ಇರಬೇಕು. 1980ರ ದಶಕದಲ್ಲಿ ಕೆನರಿ ದ್ವೀಪಗಳ ಬಳಿ ಹಾಕಿದ್ದ ಆಪ್ಟಿಕಲ್ ಕೇಬಲ್ಲಿನಲ್ಲಿ ಶಾರ್ಕಿನ ಹಲ್ಲುಗಳೇ ಸಿಕ್ಕಿದ್ದವು. ಕಡಲಾಳದ ಕೇಬಲ್ಲುಗಳನ್ನು ಹೆಚ್ಚಾಗಿ ಕೆಡಿಸುವುದು ಲಂಗರು ಮತ್ತು ಮೀನುಗಾರಿಕೆಯ ಸಲಕರಣೆಗಳು ಎಂಬುದನ್ನೂ ಹೇಳಬೇಕು, ಶಾರ್ಕಿನ ಪಾಲು ನಗಣ್ಯ. ಆದರೆ ಕೇಬಲ್ಲುಗಳು ಈ ಪ್ರಾಣಿಗಳ ಮೇಲೆ ಬೀರುವ ಪರಿಣಾಮ ನಗಣ್ಯವೆಂದು ಹೇಳಲಾಗದು. ಅಮೆರಿಕದ ಕನೆಕ್ಟಿಕಟ್ ಮತ್ತು ಲಾಂಗ್ ಐಲೆಂಡ್ ನಡುವಿನ ವಿದ್ಯುತ್ ಕೇಬಲ್ಲಿನ ಮೇಲೆ ಬಿಟ್ಟ ಸ್ಕೇಟ್‌ಗಳು ಹೆಚ್ಚು ದೂರ ಅಲೆದಾಡಿದವು, ತಳಕ್ಕೆ ಹೆಚ್ಚು ಹತ್ತಿರ ಈಜಿದವು. ಗುಜರಾತ್ ಮತ್ತು ತಮಿಳುನಾಡಿನ ಕಡಲಲ್ಲಿ ತಲಾ 500 ಮೆಗಾವಾಟ್‌ನ ಪವನ ವಿದ್ಯುತ್ ಯೋಜನೆಗಳಿಗೆ ನೆರವು ನೀಡಲು ಕೇಂದ್ರ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಅಲ್ಲಿ ಕೇಬಲ್ ಹಾಕುವ ಮುನ್ನವೇ ತೊರಕೆಗಳ ನಡೆಯನ್ನು ಅಳೆದಿಟ್ಟುಕೊಳ್ಳಬೇಕು. ಆಮೇಲೆ ಅಳೆದರೆ ಹೋಲಿಸಲು ಏನೂ ಇರುವುದಿಲ್ಲ.

ಅತಿ ದೊಡ್ಡ ಅಪಾಯ ಮಾತ್ರ ಬಲೆ ಮತ್ತು ಗಾಳದ್ದು. ಶಾರ್ಕ್, ತೊರಕೆ ಮತ್ತು ಅವುಗಳ ಬಂಧುಗಳ ಮೂರರಲ್ಲಿ ಒಂದಕ್ಕೂ ಹೆಚ್ಚು ಜಾತಿಗಳು ಮಿತಿಮೀರಿದ ಮೀನುಗಾರಿಕೆಯಿಂದ ಅಳಿವಿನಂಚಿಗೆ ಬಂದಿವೆ. ಗರಗಸ ಮೀನಿನ ಸ್ಥಿತಿ ಎಲ್ಲಕ್ಕಿಂತ ದಾರುಣ. ಅದರ ಗರಗಸದ ತುಂಬ ವಿದ್ಯುತ್ ರಂಧ್ರಗಳಿವೆ. ಬಾರ್ಬರಾ ವೂರಿಂಗರ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದಂತೆ, ಬೇಟೆಯನ್ನು ಪತ್ತೆಹಚ್ಚುವುದಕ್ಕೂ ಹೊಡೆದು ಕೆಡವುವುದಕ್ಕೂ ಅದು ಅದೇ ಗರಗಸವನ್ನು ಬಳಸುತ್ತದೆ. ಬಲೆಗೆ ಮೊದಲು ಸಿಕ್ಕಿಕೊಳ್ಳುವುದೂ ಆ ಹಲ್ಲುಗಳೇ. 2001ರಿಂದ ವನ್ಯಜೀವಿ ಕಾಯಿದೆಯ ಮೊದಲ ಪರಿಚ್ಛೇದದಲ್ಲಿ ಹುಲಿಗಿರುವಷ್ಟೇ ರಕ್ಷಣೆ ಅದಕ್ಕಿದೆ. ಆದರೂ 2022ರಲ್ಲಿ ಗರಗಸ ಮೀನೊಂದು ಬಲೆಯಲ್ಲಿ ಸಿಕ್ಕಿ ಮಲ್ಪೆ ಬಂದರಿಗೆ ಬಂದದ್ದು ಸುದ್ದಿಯಾಗಿತ್ತು. ಬಲೆ ಬೀಸಿದವರು ಅದನ್ನು ಬೇಕೆಂದು ಹಿಡಿದದ್ದಲ್ಲ. ಟ್ರಾಲ್ ಬಲೆಗೆ ಆಯ್ಕೆಯಿಲ್ಲ.

ಗಾಳಕ್ಕೆ ಆಯ್ಕೆ ಕಲಿಸಬಹುದು. ಫ್ರಾನ್ಸಿನ ದಕ್ಷಿಣ ಕಡಲಲ್ಲಿ ಟ್ಯೂನಾ ಹಿಡಿಯುವ ಉದ್ದನೆಯ ಗಾಳದ ಹಗ್ಗಗಳಲ್ಲಿ, ಕೊಕ್ಕೆಯ ಪಕ್ಕ ಪುಟ್ಟ ಬ್ಯಾಟರಿ ಸಾಧನ ಕಟ್ಟಿ ನೋಡಿದರು. ಅದು ಹೊಮ್ಮಿಸುವ ವಿದ್ಯುತ್ ಮಿಡಿತ ಸುತ್ತಲಿನ ಕೆಲವೇ ಅಡಿಗಳಲ್ಲಿ ಶಾರ್ಕಿನ ಕುಡಿಕೆಗಳನ್ನು ಕೆರಳಿಸುತ್ತದೆ. ಟ್ಯೂನಾಕ್ಕೆ ಅಂಥ ಕುಡಿಕೆಗಳಿಲ್ಲ. 2022ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ನೀಲಿ ಶಾರ್ಕ್ ಸಿಕ್ಕಿಬೀಳುವುದು ಶೇಕಡ 91ರಷ್ಟು, ಕಡಲಿನ ತೊರಕೆ ಶೇಕಡ 71ರಷ್ಟು ಕಡಿಮೆಯಾಯಿತು. ಇಂದ್ರಿಯ ಒಂದಡಿಯದ್ದಾಗಿರುವುದರಿಂದಲೇ ಇದು ಸಾಧ್ಯ. ಇಡೀ ಸಮುದ್ರವನ್ನು ವಿದ್ಯುತ್ತಿನಿಂದ ತುಂಬಬೇಕಿಲ್ಲ, ಕೊಕ್ಕೆಯ ಸುತ್ತಲಿನ ಜಾಗ ಸಾಕು. ಖರ್ಚು ಯಾರು ಹೊರಬೇಕು, ಶಾರ್ಕ್ ಮಾರಿಯೇ ಬದುಕುವವರ ಗತಿಯೇನು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಗಳೇ. ಶಾರ್ಕನ್ನೇ ಅರಸಿ ಹೋಗುವ ಕನ್ಯಾಕುಮಾರಿ ಜಿಲ್ಲೆಯ ತೂತೂರಿನ ಗಾಳದ ದೋಣಿಗಳಿಗೆ ಇದು ಹೇಳಿಸಿದ್ದಲ್ಲ. ಟ್ಯೂನಾಕ್ಕೆಂದು ಗಾಳ ಹಾಕಿ, ಬೇಡದ ಶಾರ್ಕಿನಿಂದ ಕೊಕ್ಕೆ, ಬೈಟು ಎರಡನ್ನೂ ಕಳೆದುಕೊಳ್ಳುವ ದೋಣಿಗಳಿಗೆ ಮಾತ್ರ ಇದರಿಂದ ನೇರ ಲಾಭವಿದೆ. ಅವರಿಂದಲೇ ಶುರು ಮಾಡಬಹುದು. ಮಂಗಳೂರಿನಲ್ಲಿ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, ರಾಜ್ಯಕ್ಕೆ ಮೀನುಗಾರಿಕೆ ಇಲಾಖೆಯಿದೆ. ಮುಂದಿನ ಹಂಗಾಮಿನಲ್ಲಿ ಸಹಾಯಧನ ಕೊಟ್ಟು ಕೆಲವು ದೋಣಿಗಳಲ್ಲಾದರೂ ಈ ಸಾಧನವನ್ನು ನಮ್ಮ ನೀರಿನಲ್ಲಿ, ನಮ್ಮ ಮೀನಿನ ಮೇಲೆ ಪರೀಕ್ಷಿಸಿ ಫಲಿತಾಂಶವನ್ನು ಮೀನುಗಾರರ ಮುಂದಿಡಬೇಕು. ಅಲ್ಲಿಯವರೆಗೆ, ಬಲೆಯಲ್ಲಿ ಗರಗಸ ಮೀನು ಜೀವಂತ ಬಂದರೆ ಬಲೆಯ ಕಣ್ಣುಗಳನ್ನು ಕತ್ತರಿಸಿ ಗರಗಸ ಮುರಿಯದಂತೆ ಬಿಡಿಸಿ ನೀರಿಗೆ ಬಿಡಿ. ಕತ್ತರಿಸಿದ ಬಲೆಯ ನಷ್ಟವನ್ನು ಮೀನುಗಾರರಿಗೆ ಸರ್ಕಾರ ತುಂಬಿಕೊಡಬೇಕು.